ಒಂದು ತಾರೀಖು, ನಾಲ್ಕು ಪಂಚಾಂಗ



ವೃತ್ತಪತ್ರಿಕೆಗಳ ಒಂದು ಮೂಲೆಯಲ್ಲಿ ‘ಈ ದಿನ’ ಎಂಬ ತಲೆಬರಹದ ಕೆಳಗೆ ನಾಲ್ಕಾರು ಪಂಕ್ತಿಗಳು ಅಚ್ಚಾಗುವುದನ್ನು ತಾವೆಲ್ಲರೂ ಕಂಡಿರುತ್ತೀರಿ. ಇಂಥ ವರ್ಷ ಇದೇ ದಿನ ಇಂಥ ಯುದ್ಧ ಮುಗಿಯಿತು, ಇಂಥ ವಿಜ್ಞಾನಿ ಹುಟ್ಟಿದ, ಇಂಥ ದೊರೆ ಪಟ್ಟವೇರಿದ ಎಂಬ ಬಗೆಯ ಸುದ್ದಿಗಳು ಅವು. ಬೆಳಗಿನ ಕಾಫಿಯೊಡನೆ ಓದಿ, ಲೋಟವನ್ನು ಕೆಳಗಿಡುವ ಹೊತ್ತಿಗೆ ಮರೆತುಬಿಡತಕ್ಕವು. ಕಾಲೇಜಿನಲ್ಲಿ ಪಾಠ ಹೇಳಿ ಹೊಟ್ಟೆ ಹೊರೆಯುವ ನಮಗೆ ಈ ಪಂಕ್ತಿಗಳ ಮೇಲೆ ಸ್ವಲ್ಪ ಮುನಿಸೂ ಉಂಟು. ಪರೀಕ್ಷೆಗಳಿಗೆ ಸಿದ್ಧರಾಗುವ ಹುಡುಗರು ಇವನ್ನೇ ಬಾಯಿಪಾಠ ಮಾಡಿ ಇದೇ ಚರಿತ್ರೆಯೆಂದು ತಿಳಿಯುತ್ತಾರೆ. ಆದರೆ ಒಂದು ತಾರೀಖಿನ ವಿಷಯದಲ್ಲಿ ನಮ್ಮ ಮುನಿಸು ಕುತೂಹಲವಾಗಿ ಮಾರ್ಪಟ್ಟಿತು. ಆ ತಾರೀಖು ಸೆಪ್ಟೆಂಬರು ೧೭. ಆದದ್ದು ಬೀದರ ಜಿಲ್ಲೆಯ ಹುಮನಾಬಾದು, ಬಸವಕಲ್ಯಾಣಗಳ ಸೀಮೆಯ ಘಾಟಬೋರಾಳವೆಂಬ ಗ್ರಾಮದಲ್ಲಿ. ಅದನ್ನು ಈ ಹೊತ್ತು ತಮ್ಮ ಮುಂದೆ ನಿವೇದಿಸುತ್ತೇವೆ.

ಮೊದಲು ಪತ್ರಿಕೆಯವರ ಪಟ್ಟಿಯನ್ನೇ ನೋಡೋಣ. ೧೬೮೩ರ ಸೆಪ್ಟೆಂಬರು ೧೭ರಂದು ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆಯ ವ್ಯಾಪಾರಿ ಲೀವೆನ್‌ಹುಕ್ ಎಂಬಾತ ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ಕಾಗದ ಬರೆದು, ತನ್ನ ಹಲ್ಲಿನ ಸಂದಿಯ ಪಾಚಿಯಲ್ಲಿ ಸಣ್ಣ ಸಣ್ಣ ಜೀವಿಗಳು ಓಡಾಡುವುದನ್ನು ಮಸೂರದಿಂದ ಕಂಡೆನೆಂದು ತಿಳಿಸಿದ. ೧೭೮೭ರ ಇದೇ ದಿನ ಫಿಲಡೆಲ್ಫಿಯಾದಲ್ಲಿ ಅಮೆರಿಕೆಯ ರಾಜ್ಯಾಂಗಕ್ಕೆ ರುಜುವಾಯಿತು. ೧೮೬೨ರ ಇದೇ ದಿನ ಅದೇ ಅಮೆರಿಕೆಯವರು ಆಂಟೀಟಮ್ ಎಂಬ ಹಳ್ಳದ ದಂಡೆಯಲ್ಲಿ ತಮ್ಮತಮ್ಮೊಳಗೇ ಕಾದಾಡಿದರು. ಅವರ ಚರಿತ್ರೆಯಲ್ಲಿ ಅಷ್ಟು ರಕ್ತ ಹರಿದ ದಿನ ಮತ್ತೊಂದಿಲ್ಲ. ೧೯೩೯ರಲ್ಲಿ ಸೋವಿಯೆತ್ ಸೇನೆ ಪೂರ್ವದಿಂದ ಪೋಲೆಂಡಿನೊಳಕ್ಕೆ ನುಗ್ಗಿತು. ೧೯೭೮ರಲ್ಲಿ ಈಜಿಪ್ಟು, ಇಸ್ರೇಲುಗಳ ನಾಯಕರು ಕ್ಯಾಂಪ್ ಡೇವಿಡ್‌ನಲ್ಲಿ ಒಪ್ಪಂದಕ್ಕೆ ಬಂದರು.

ಹುಟ್ಟುಹಬ್ಬಗಳಿಗೂ ಕೊರತೆಯಿಲ್ಲ. ಗಣಿತಜ್ಞ ರೀಮಾನ್ ೧೮೨೬ರಲ್ಲಿ. ಈರೋಡಿನ ಕನ್ನಡ ಮನೆಮಾತಿನ ವರ್ತಕ ಕುಟುಂಬದಲ್ಲಿ ಹುಟ್ಟಿ ತಮಿಳುನಾಡನ್ನು ಅಲುಗಿಸಿದ ಪೆರಿಯಾರ್ ರಾಮಸ್ವಾಮಿಯವರು ೧೮೭೯ರಲ್ಲಿ. ಚಿತ್ರಕಾರ ಎಂ. ಎಫ್. ಹುಸೇನರು ೧೯೧೫ರಲ್ಲಿ. ೧೯೨೯ರಲ್ಲಿ ಹುಟ್ಟಿದವರು ನಮ್ಮ ಕಾರ್ಕಳದ ಅನಂತ ಪೈಗಳು. ಅಮರ ಚಿತ್ರ ಕಥೆಯನ್ನು ಆರಂಭಿಸಿ ದೇಶದ ಮಕ್ಕಳಿಗೆಲ್ಲ ‘ಅಂಕಲ್ ಪೈ’ ಆದವರು. ೨೦೧೪ರಲ್ಲಿ ಪ್ರಧಾನಮಂತ್ರಿಗಳಾದ ನರೇಂದ್ರ ಮೋದಿಯವರು ಜನಿಸಿದ್ದು ೧೯೫೦ರ ಇದೇ ದಿನ. ರಾಕೆಟ್ಟಿನ ಗಣಿತವನ್ನು ಮೊದಲು ಬಿಡಿಸಿದವರಲ್ಲಿ ಒಬ್ಬನಾದ ರಷ್ಯದ ಶಾಲಾಮಾಸ್ತರ ತ್ಸಿಯೋಲ್ಕೋವ್‌ಸ್ಕಿ ೧೮೫೭ರಲ್ಲಿ.

ಈ ಕೊನೆಯ ಹೆಸರಿನ ಹತ್ತಿರ ಸ್ವಲ್ಪ ನಿಲ್ಲಬೇಕು. ತ್ಸಿಯೋಲ್ಕೋವ್‌ಸ್ಕಿ ಹುಟ್ಟಿದ ಊರಿನಲ್ಲಿ ಆ ದಿನವನ್ನು ಯಾರೂ ಸೆಪ್ಟೆಂಬರು ೧೭ ಎನ್ನಲಿಲ್ಲ. ರಷ್ಯದಲ್ಲಿ ಆಗ ಹಳೆಯ ಜೂಲಿಯನ್ ಪಂಚಾಂಗ ನಡೆಯುತ್ತಿತ್ತು. ಅದು ಯೂರೋಪಿನ ಉಳಿದ ಭಾಗದ ಪಂಚಾಂಗಕ್ಕಿಂತ ಹನ್ನೆರಡು ದಿನ ಹಿಂದೆ. ಆದ್ದರಿಂದ ಅವನ ತಾಯಿಯ ಪಾಲಿಗೆ ಮಗು ಹುಟ್ಟಿದ್ದು ಸೆಪ್ಟೆಂಬರು ೫ರಂದು. ನಾವು ರಾಧಾಕೃಷ್ಣನ್ನರ ಹೆಸರಿನಲ್ಲಿ ಶಿಕ್ಷಕರ ದಿನಾಚರಣೆ ಮಾಡುವ ತಾರೀಖು! ಅವನನ್ನು ಪೆರಿಯಾರರ ಮನೆಗೆ ಸೇರಿಸಬೇಕೋ ರಾಧಾಕೃಷ್ಣನ್ನರ ಮನೆಗೆ ಸೇರಿಸಬೇಕೋ ಎಂಬುದು ಪಂಚಾಂಗದವರ ಕೈಯಲ್ಲಿದೆ. ಇಂಗ್ಲೆಂಡಿನವರು ೧೭೫೨ರಲ್ಲಿ ಪಂಚಾಂಗ ತಿದ್ದಿದಾಗ ಸೆಪ್ಟೆಂಬರು ೨ರ ಮರುದಿನವೇ ೧೪ ಆಯಿತು. ಆ ವರ್ಷ ಅವರ ರಾಜ್ಯದಲ್ಲಿ ೩ರಿಂದ ೧೩ರ ವರೆಗೆ ಒಂದು ಹುಟ್ಟೂ ಇಲ್ಲ, ಒಂದು ಸಾವೂ ಇಲ್ಲ.

ಇನ್ನು ಒಂದೇ ದಿನ ಹಲವು ಸಂಗತಿಗಳು ಕೂಡಿಬಂದವೆಂಬ ಬೆರಗು. ಲೆಕ್ಕ ಬಲ್ಲವರು ಅದನ್ನೂ ಉಳಿಸುವುದಿಲ್ಲ. ಒಂದು ಕೊಠಡಿಯಲ್ಲಿ ಇಪ್ಪತ್ತಮೂರು ಜನ ಇದ್ದರೆ ಸಾಕು, ಅವರಲ್ಲಿ ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ಹೆಚ್ಚು. ವರ್ಷಕ್ಕೆ ಇರುವವು ಮುನ್ನೂರ ಅರವತ್ತಾರು ಗೂಡುಗಳು. ಲೋಕದ ಸಂಗತಿಗಳೆಲ್ಲ ಅವುಗಳಲ್ಲೇ ಎಲ್ಲಾದರೂ ಬೀಳಬೇಕಷ್ಟೆ. ನಾವು ಇದನ್ನು ತರಗತಿಯಲ್ಲಿ ತೋರಿಸಹೊರಟು ಒಮ್ಮೆ ನಗೆಪಾಟಲಾದದ್ದೂ ಉಂಟು. ನಲವತ್ತು ವಿದ್ಯಾರ್ಥಿಗಳ ದಾಖಲೆ ತೆಗೆದು ನೋಡಿದರೆ ಇಬ್ಬರಲ್ಲ, ಹದಿಮೂರು ಮಂದಿ ಜೂನ್ ೧ರಂದು ಹುಟ್ಟಿದ್ದರು. ಗಣಿತದ ಪ್ರಮೇಯಕ್ಕಿಂತ ಹಳ್ಳಿಯ ಶಾಲೆಯ ಮುಖ್ಯೋಪಾಧ್ಯಾಯರ ಲೇಖನಿ ಬಲವಾಗಿತ್ತು. ಮಗುವನ್ನು ಶಾಲೆಗೆ ಸೇರಿಸಲು ಬಂದ ತಂದೆಗೆ ತಾರೀಖು ಗೊತ್ತಿರುತ್ತಿರಲಿಲ್ಲ. ವಯಸ್ಸು ಸರಿಹೊಂದುವಂತೆ ಮಾಸ್ತರು ಜೂನ್ ೧ ಎಂದು ಬರೆದು ಮುಗಿಸುತ್ತಿದ್ದರು. ನಮ್ಮ ಸ್ವಂತ ಜನ್ಮದಿನವೂ ದಾಖಲೆಯ ಪ್ರಕಾರ ಅದೇ ಎಂದು ಒಪ್ಪಿಕೊಂಡಾಗ ಹುಡುಗರು ಚಪ್ಪಾಳೆ ತಟ್ಟಿದರು.

ಈಗ ಘಾಟಬೋರಾಳಕ್ಕೆ ಬರೋಣ. ೨೦೨೪ರ ಸೆಪ್ಟೆಂಬರಿನಲ್ಲಿ ಆ ಊರಿನವರಾದ ನಮ್ಮ ಸಹೋದ್ಯೋಗಿ ಮಿತ್ರರು ಗಣೇಶನ ಹಬ್ಬದ ಕೊನೆಗೆ ಬರಬೇಕೆಂದು ಒತ್ತಾಯಮಾಡಿ ಕರೆದೊಯ್ದರು. ಮಳೆ ಚೆನ್ನಾಗಿ ಬಿದ್ದು ತೊಗರಿ ಮೊಳಕಾಲೆತ್ತರ ಮೀರಿತ್ತು. ಆ ಸೀಮೆಯ ಮಾತೇ ಒಂದು ಸೊಗಸು. ಮನೆಯೊಳಗೆ ಕನ್ನಡ, ಸಂತೆಯಲ್ಲಿ ಮರಾಠಿ, ಹಳೆಯ ಕಾಗದಪತ್ರಗಳಲ್ಲಿ ಉರ್ದು. ಮಿತ್ರರ ಮನೆಯಲ್ಲಿ ಅವರ ದೊಡ್ಡಪ್ಪನವರಿದ್ದರು; ಆ ಕಡೆಯ ರೂಢಿಯಂತೆ ಮನೆಯ ಮಕ್ಕಳೆಲ್ಲ ಅವರನ್ನು ಮುತ್ಯಾ ಎನ್ನುತ್ತಿದ್ದರು. ಪಂಢರಪುರದ ವಾರಿ ತಪ್ಪಿಸದ ಮನೆತನ. ಕೈಯಲ್ಲಿ ಮಣಿಯ ಮಾಲೆ, ತಲೆಗೆ ಬಿಳಿಯ ರುಮಾಲು. ಸೆಪ್ಟೆಂಬರು ೧೭ರ ಬೆಳಗ್ಗೆ ಊರಿನ ಶಾಲೆಯಲ್ಲಿ ಧ್ವಜ ಏರಿಸುವರೆಂದೂ, ಪ್ರತಿ ವರ್ಷ ಅಲ್ಲಿ ಮುತ್ಯಾನಿಗೆ ಹೂವಿನ ಹಾರ ಹಾಕುವರೆಂದೂ ಮಿತ್ರರು ಹೆಮ್ಮೆಯಿಂದ ಹೇಳಿದರು. “ನಮ್ಮ ದೊಡ್ಡಪ್ಪ ಹುಟ್ಟಿದ್ದೇ ವಿಮೋಚನೆಯ ದಿನ” ಎಂದರು.

ಈ ಮಾತಿನ ಹಿನ್ನೆಲೆಯನ್ನು ಮೈಸೂರು ಸೀಮೆಯ ಶ್ರೋತೃಗಳಿಗಾಗಿ ಸ್ವಲ್ಪ ವಿವರಿಸಬೇಕು. ನಮಗೆ ೧೯೪೭ರ ಆಗಸ್ಟ್ ೧೫ ಎಂಬುದು ಪ್ರಶ್ನೆಯೇ ಇಲ್ಲದ ದಿನ. ಬೀದರಕ್ಕೆ ಹಾಗಲ್ಲ. ಅದು ಹೈದರಾಬಾದ್ ನಿಜಾಮರ ಸಂಸ್ಥಾನದ ಒಂದು ಜಿಲ್ಲೆ. ಬ್ರಿಟಿಷರು ಹೊರಟ ಮೇಲೂ ನಿಜಾಮರು ಭಾರತದಲ್ಲಿ ಸೇರಲಿಲ್ಲ; ೧೯೪೭ರ ನವೆಂಬರಿನಲ್ಲಿ ಒಂದು ವರ್ಷದ ಮಟ್ಟಿಗೆ ಯಥಾಸ್ಥಿತಿಯ ಒಪ್ಪಂದವಾಯಿತು. ಆ ಅವಧಿಯಲ್ಲಿ ಕಾಸಿಂ ರಜ್ವಿಯ ರಜಾಕಾರರ ದಳ ಹಳ್ಳಿಹಳ್ಳಿಗಳಲ್ಲಿ ಮೆರೆಯಿತು. ೧೯೪೮ರ ಸೆಪ್ಟೆಂಬರು ೧೩ರ ಸೋಮವಾರ ಭಾರತದ ಸೇನೆ ಸಂಸ್ಥಾನದ ಗಡಿ ದಾಟಿತು. ಸರ್ಕಾರ ಅದನ್ನು ‘ಪೊಲೀಸ್ ಕಾರ್ಯಾಚರಣೆ’ ಎಂದು ಕರೆಯಿತು. ಆ ಸೀಮೆಯ ಹಳಬರ ಬಾಯಲ್ಲಿ ಅದು ‘ಪುಲೀಸ್ ಆಕ್ಷನ್’. ಐದನೆಯ ದಿನ, ಅಂದರೆ ಸೆಪ್ಟೆಂಬರು ೧೭ರ ಶುಕ್ರವಾರ, ನಿಜಾಮರು ಕದನವಿರಾಮ ಸಾರಿದರು.

ಹಬ್ಬದ ಹಿಂದಿನ ರಾತ್ರಿ ಮುತ್ಯಾನೊಡನೆ ಪಡಸಾಲೆಯಲ್ಲಿ ಕುಳಿತಿದ್ದೆವು. ಸುಮ್ಮನೆ ಮಾತಿಗಾಗಿ, ತಾವು ಹುಟ್ಟಿದ ದಿನದ ವಿಷಯ ಮನೆಯವರು ಏನು ಹೇಳುತ್ತಿದ್ದರೆಂದು ಕೇಳಿದೆವು. ಅವರು ನಕ್ಕು, “ನಮ್ಮ ಅವ್ವ ಹೇಳತಿದ್ದಳು ಮಾಸ್ತರ್ರೆ, ಮಂಗಳವಾರ ಏಕಾದಶಿ ಉಪಾಸ ಇದ್ದೆ, ರಾಜೇಶ್ವರದ ಕಡಿಗಿ ಇಮಾನ ಬಂದ್ವು, ಅವತ್ತ ಸಂಜಿಗಿ ನೀ ಹುಟ್ಟದಿ ಅಂತ” ಎಂದರು.

ನಾವು ಚರಿತ್ರೆಯ ಮೇಷ್ಟರಾದುದರಿಂದ ಆ ಮಾತನ್ನು ಕೇಳಿ ಸುಮ್ಮನಿರಲಾಗಲಿಲ್ಲ. ಗೋಡೆಯ ಮೇಲೆ ಆ ವರ್ಷದ ಕ್ಯಾಲೆಂಡರು ತೂಗುತ್ತಿತ್ತು. ಒಂದೊಂದು ಚೌಕದಲ್ಲೂ ಇಂಗ್ಲಿಷ್ ತಾರೀಖು ದಪ್ಪಗೆ; ಅದರ ಕೆಳಗೆ ತಿಥಿ ನಕ್ಷತ್ರ; ಮೂಲೆಯಲ್ಲಿ ಹಿಜರಿ ತಾರೀಖು; ಇನ್ನೊಂದು ಮೂಲೆಯಲ್ಲಿ ರಾಷ್ಟ್ರೀಯ ಶಕೆಯ ದಿನ. ಆಗ ನಮಗೆ ಒಂದು ಹಳೆಯ ಲೆಕ್ಕ ನೆನಪಾಯಿತು. ಸೂರ್ಯನ ವರ್ಷಕ್ಕೂ ಚಂದ್ರನ ತಿಂಗಳಿಗೂ ಸುಲಭವಾಗಿ ಹೊಂದಿಕೆಯಿಲ್ಲ. ಆದರೆ ಹತ್ತೊಂಬತ್ತು ಸೌರವರ್ಷಗಳೂ ಇನ್ನೂರ ಮೂವತ್ತೈದು ಚಾಂದ್ರಮಾಸಗಳೂ ಹೆಚ್ಚುಕಡಮೆ ಎರಡು ಗಂಟೆಗಳ ಅಂತರದಲ್ಲಿ ಸಮನಾಗುತ್ತವೆ. ಗ್ರೀಕರು ಇದನ್ನು ಮೆಟನ್ ಎಂಬಾತನ ಹೆಸರಿನಿಂದ ಕರೆದರು; ಬಾಬಿಲೋನಿನವರಿಗೂ ತಿಳಿದಿತ್ತು. ಹತ್ತೊಂಬತ್ತು ವರ್ಷಗಳಿಗೊಮ್ಮೆ ಹಬ್ಬಗಳು ಬಹುಮಟ್ಟಿಗೆ ಅವೇ ಇಂಗ್ಲಿಷ್ ತಾರೀಖುಗಳಿಗೆ ಹಿಂತಿರುಗುವುದು ಇದರಿಂದಲೇ. ೧೯೪೮ಕ್ಕೆ ಎಪ್ಪತ್ತಾರು ಕೂಡಿಸಿದರೆ ೨೦೨೪. ಎಪ್ಪತ್ತಾರೆಂದರೆ ನಾಲ್ಕು ಹತ್ತೊಂಬತ್ತು! ಹಾಗಾದರೆ ನಮ್ಮೆದುರಿಗೆ ತೂಗುತ್ತಿದ್ದ ಕ್ಯಾಲೆಂಡರೇ, ವಾರಗಳನ್ನು ಬಿಟ್ಟರೆ, ೧೯೪೮ರ ಕ್ಯಾಲೆಂಡರು.

ಬೆರಳಿಟ್ಟು ನೋಡಿದೆವು. ಭಾದ್ರಪದ ಶುದ್ಧ ಏಕಾದಶಿ ಸೆಪ್ಟೆಂಬರು ೧೪ರಂದು. ಅನಂತ ಚತುರ್ದಶಿ, ಗಣಪತಿಯನ್ನು ನೀರಿಗೆ ಬಿಡುವ ದಿನ, ಸೆಪ್ಟೆಂಬರು ೧೭ರಂದು. ವಾರವನ್ನು ಬೇರೆ ಎಣಿಸಬೇಕಾಯಿತು. ೧೯೪೮ರ ಸೆಪ್ಟೆಂಬರು ೧೭ ಶುಕ್ರವಾರವೆಂಬುದು ಎಲ್ಲ ಪುಸ್ತಕಗಳಲ್ಲೂ ಇದೆ. ಅಲ್ಲಿಂದ ಮೂರು ದಿನ ಹಿಂದಕ್ಕೆ ಹೋದರೆ ೧೪, ಮಂಗಳವಾರ. ಏಕಾದಶಿಯೂ ಹೌದು, ಮಂಗಳವಾರವೂ ಹೌದು. ಯುದ್ಧದ ವೃತ್ತಾಂತ ಇನ್ನೂ ಖಚಿತ. ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಮೊದಲ ದಿನ ನಳದುರ್ಗವನ್ನು ಹಿಡಿದು ಉಮರ್ಗಾದಲ್ಲಿ ತಂಗಿದ ಸೇನೆ, ಎರಡನೆಯ ದಿನ, ಅಂದರೆ ಹದಿನಾಲ್ಕರಂದು, ರಾಜೇಶ್ವರದ ಕಡೆಗೆ ಸಾಗಿತು. ದಾರಿಯಲ್ಲಿ ಹೊಂಚುಹಾಕಿದ್ದವರ ಮೇಲೆ ವಾಯುದಳದ ಟೆಂಪೆಸ್ಟ್ ವಿಮಾನಗಳು ಎರಗಿ ಹಾದಿ ತೆರವು ಮಾಡಿದವು. ಮಧ್ಯಾಹ್ನ ಇಳಿಯುವ ಹೊತ್ತಿಗೆ ರಾಜೇಶ್ವರ ಸೇನೆಯ ವಶವಾಯಿತು. ಅಕ್ಷರ ಬಾರದ ಒಬ್ಬ ತಾಯಿ ತನ್ನ ಹೆರಿಗೆಯ ದಿನವನ್ನು ಗುರುತಿಟ್ಟ ರೀತಿಯಲ್ಲಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ. ತಿಥಿ, ವಾರ, ವಿಮಾನ ಮೂರೂ ಒಂದೇ ದಿನವನ್ನು ತೋರಿಸಿದವು.

ತಪ್ಪಿದ್ದು ಹಾರ ಹಾಕುವವರು. ಮುತ್ಯಾ ಹುಟ್ಟಿದ್ದು ವಿಮೋಚನೆಯ ದಿನವಲ್ಲ. ಅದಕ್ಕೆ ಮೂರು ದಿನ ಮೊದಲು.

ಲೆಕ್ಕ ಮುಗಿದ ಮೇಲೆ ನಮಗೆ ಸಂಕೋಚವಾಯಿತು. ಬೆಳಗಾದರೆ ಹಾರ. ಇದನ್ನು ಹೇಳಬೇಕೋ ಬೇಡವೋ? ಹೇಳುವ ಮೊದಲು, ಆ ಮೂರು ದಿನಗಳ ಅಂತರ ಎಂಥದೆಂಬುದನ್ನು ನಾವೇ ಯೋಚಿಸಿದೆವು. ರಾಜೇಶ್ವರ, ಹುಮನಾಬಾದುಗಳ ಹೆದ್ದಾರಿಯ ಸೀಮೆಗೆ ನಿಜಾಮರ ರಾಜ್ಯ ಮುಗಿದದ್ದು ಹದಿನೇಳರ ಸಂಜೆಯಲ್ಲ. ಸೇನೆಯ ಲಾರಿಗಳು ಕಣ್ಣೆದುರಿಗೆ ಹಾದುಹೋದ ದಿನವೇ ಮುಗಿಯಿತು. ಅತ್ತ ಬೀದರ ಪಟ್ಟಣಕ್ಕೆ ಸೇನೆ ಬಂದದ್ದು ಹದಿನೇಳರ ನಸುಕಿನಲ್ಲಿ. ಹೈದರಾಬಾದಿನಲ್ಲಿ ಅಂದು ಪ್ರಧಾನಿ ಮೀರ್ ಲಾಯಕ್ ಅಲಿಯವರ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಸಂಜೆ ನಿಜಾಮರೇ ಡೆಕ್ಕನ್ ರೇಡಿಯೋ ಮೂಲಕ ಮಾತನಾಡಿ ಕದನ ನಿಲ್ಲಿಸಿದ ಸುದ್ದಿ ಹೇಳಿದರು. ರೇಡಿಯೋ ಇದ್ದವರು ಆ ಘಳಿಗೆಗೇ ಕೇಳಿದರು. ಊರಿಗೊಂದು ರೇಡಿಯೋ ಕೂಡ ಇಲ್ಲದ ಕಡೆ ಸುದ್ದಿ ಕಾಲ್ನಡಿಗೆಯಲ್ಲಿ ತಲುಪಿತು. ಶಾಸ್ತ್ರೋಕ್ತವಾಗಿ ನಿಜಾಮರ ದಳಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಚೌಧುರಿಯವರಿಗೆ ಶರಣಾದದ್ದು ಮರುದಿನ, ಹದಿನೆಂಟರಂದು. ಭಾರತದ ಸಂವಿಧಾನವನ್ನು ಒಪ್ಪಿ ನಿಜಾಮರು ಫರ್ಮಾನು ಹೊರಡಿಸಿದ್ದು ಇನ್ನೂ ಒಂದು ವರ್ಷ ಕಳೆದು, ೧೯೪೯ರ ನವೆಂಬರಿನಲ್ಲಿ. ಇವುಗಳಲ್ಲಿ ಯಾವುದು ‘ಆ ದಿನ’? ಒಂದು ತಾರೀಖನ್ನು ಆರಿಸಲೇಬೇಕಾಗಿತ್ತು. ರಾಜಧಾನಿಯ ರೇಡಿಯೋ ಆರಿಸಿದ್ದು ಉಳಿಯಿತು.

ಜಗತ್ತು ಆ ಸಂಜೆ ಕೇಳಿದ ಸುದ್ದಿ ಮತ್ತೊಂದಿತ್ತು. ಜೆರೂಸಲೇಮಿನಲ್ಲಿ ವಿಶ್ವಸಂಸ್ಥೆಯ ಸಂಧಾನಕಾರ, ಸ್ವೀಡನ್ನಿನ ಕೌಂಟ್ ಫೋಕ್ ಬರ್ನಡೋಟ್ ಅದೇ ಶುಕ್ರವಾರ ಗುಂಡಿಗೆ ಬಲಿಯಾದ. ಹಿಂದಿನ ದಿನವಷ್ಟೇ ಪ್ಯಾರಿಸಿನಲ್ಲಿ ಸೇರಿದ್ದ ಭದ್ರತಾ ಸಮಿತಿ ಹೈದರಾಬಾದಿನ ದೂರನ್ನು ಕೈಗೆತ್ತಿಕೊಂಡಿತ್ತು. ಪತ್ರಿಕೆಯ ಪಟ್ಟಿಯಲ್ಲಿ ಈ ಎರಡು ಸಂಗತಿಗಳು ಅಕ್ಕಪಕ್ಕ ನಿಂತರೆ ಅದಕ್ಕೆ ಅರ್ಥವಿದೆ. ಎರಡೂ ಒಂದೇ ಮೇಜಿನ ಮೇಲಿದ್ದ ಕಾಗದಗಳು. ಲೀವೆನ್‌ಹುಕ್ಕನ ಹಲ್ಲಿನ ಪಾಚಿ ಅವುಗಳ ಪಕ್ಕದಲ್ಲಿ ನಿಲ್ಲುವುದು ಮಾತ್ರ ಬರೀ ಆಕಸ್ಮಿಕ.

ಇನ್ನೊಂದು ಮಾತು. ಆ ದಿನವನ್ನು ‘ಸೆಪ್ಟೆಂಬರು ೧೭’ ಎಂದು ಆಗ ಆ ಸೀಮೆಯಲ್ಲಿ ಎಷ್ಟು ಜನ ಕರೆದರು? ನಿಜಾಮರ ಕಚೇರಿಗಳಲ್ಲಿ ನಡೆಯುತ್ತಿದ್ದುದು ಫಸಲಿ ಸಂವತ್ಸರ. ಅಕ್ಬರನ ಕಾಲದಲ್ಲಿ ಸುಗ್ಗಿಗೂ ಕಂದಾಯಕ್ಕೂ ಹೊಂದುವಂತೆ ಹುಟ್ಟಿಕೊಂಡ ಲೆಕ್ಕ ಅದು. ಹೈದರಾಬಾದಿನಲ್ಲಿ ಅದರ ತಿಂಗಳುಗಳಿಗೆ ಪಾರಸಿ ಹೆಸರುಗಳು. ಆಜುರ್‌ನಿಂದ ಮೊದಲಾಗಿ ಆಬಾನ್‌ಗೆ ಮುಗಿಯುತ್ತಿತ್ತು. ಆ ಸೀಮೆಯ ಹಳೆಯ ಜಮೀನಿನ ಕಾಗದಗಳನ್ನು ಬಿಚ್ಚಿದವರಿಗೆ ಈ ಹೆಸರುಗಳ ಪರಿಚಯವಿರುತ್ತದೆ. ಆದ್ದರಿಂದ ಪಟವಾರಿಯ ದಫ್ತರಿನಲ್ಲಿ ಆ ದಿನ ಬಿದ್ದದ್ದು ಫಸಲಿ ೧೩೫೭ರ ಕೊನೆಯ ತಿಂಗಳಾದ ಆಬಾನ್‌ನಲ್ಲಿ. ಮಸೀದಿಯ ಲೆಕ್ಕದಲ್ಲಿ ಅದು ಹಿಜರಿ ೧೩೬೭ರ ಜಿಲ್ಕಾದ ತಿಂಗಳ ಒಂದು ಜುಮ್ಮಾ. ಜೋಯಿಸರ ಪಂಚಾಂಗದಲ್ಲಿ ಶಾಲಿವಾಹನ ಶಕೆ ೧೮೭೦, ಸರ್ವಧಾರಿ ಸಂವತ್ಸರದ ಅನಂತ ಚತುರ್ದಶಿ. ನಾಲ್ಕನೆಯದಾದ ಇಂಗ್ಲಿಷ್ ತಾರೀಖು ಸೋಲಾಪುರದ ಕಡೆಯಿಂದ ಸೇನೆಯ ಲಾರಿಗಳೊಡನೆ ಬಂತೆಂದರೂ ತಪ್ಪಾಗದು. ಈಗ ಉಳಿದ ಮೂರೂ ಮೂಲೆಗೆ ಸರಿದು ಅದೊಂದೇ ದಪ್ಪಕ್ಷರದಲ್ಲಿ ನಿಂತಿದೆ.

ಅದೇ ಸೀಮೆಯಲ್ಲಿ ಜನ ಬೇರೊಂದು ಹುಟ್ಟಿದ ದಿನವನ್ನು ಹೇಗೆ ಕಾಪಾಡಿದ್ದಾರೆಂಬುದನ್ನು ನೋಡಬೇಕು. ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ನೆಲೆಸಿದ ಮಾಣಿಕಪ್ರಭುಗಳು ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ ಜನಿಸಿದ್ದು ೧೮೧೭ರ ದತ್ತ ಜಯಂತಿಯಂದು, ಮಾರ್ಗಶಿರ ಮಾಸದಲ್ಲಿ. ಇಂಗ್ಲಿಷ್ ಲೆಕ್ಕದಲ್ಲಿ ಅದು ಡಿಸೆಂಬರು ೨೨. ಎಪ್ಪತ್ತು ವರ್ಷಗಳ ತರುವಾಯ ಈರೋಡಿನಲ್ಲಿ ಗಣಿತದ ರಾಮಾನುಜನ್ ಹುಟ್ಟಿದ ದಿನ. ಪತ್ರಿಕೆಯವರಿಗೆ ಇದೂ ಒಂದು ಸೊಗಸಾದ ಪಂಕ್ತಿಯಾದೀತು. ಆದರೆ ಮಾಣಿಕನಗರಕ್ಕೆ ಸೇರುವ ಭಕ್ತರಿಗೆ ಡಿಸೆಂಬರು ೨೨ರಿಂದ ಆಗಬೇಕಾದ್ದೇನೂ ಇಲ್ಲ. ಜಾತ್ರೆ ತಿಥಿಯ ಬೆನ್ನಹಿಂದೆ ಹೋಗುತ್ತದೆ. ಹಿಂದೂಗಳೂ ಮುಸಲ್ಮಾನರೂ ಸಮನಾಗಿ ಮನ್ನಿಸಿದ ಆ ಪೀಠದ ಹಬ್ಬಕ್ಕೆ ತಾರೀಖಿನ ಹಂಗಿಲ್ಲ.

ಒಂದು ತಾರೀಖಿಗೆ ಹೆಸರಿಡುವುದೂ ಸುಲಭವಲ್ಲ. ೧೯೫೬ರ ನವೆಂಬರು ೧ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಬೀದರ, ಗುಲ್ಬರ್ಗ, ರಾಯಚೂರು ನಮ್ಮ ಕಡೆಗೆ ಬಂದವು. ಅಲ್ಲಿಂದ ಒಂದೇ ದಿನಕ್ಕೆ ಮೂರು ಕಡೆ ಮೂರು ಹೆಸರು. ನಮ್ಮಲ್ಲಿ ಅದು ಹೈದರಾಬಾದ್ ಕರ್ನಾಟಕ ವಿಮೋಚನಾ ದಿನ. ೨೦೧೯ರಲ್ಲಿ ಸೀಮೆಗೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದ ಮೇಲೆ ಕಲ್ಯಾಣ ಕರ್ನಾಟಕ ಉತ್ಸವ ದಿನ. ಮಹಾರಾಷ್ಟ್ರದಲ್ಲಿ ಮರಾಠವಾಡಾ ಮುಕ್ತಿ ಸಂಗ್ರಾಮದ ದಿನ. ತೆಲಂಗಾಣದ ಸರ್ಕಾರಗಳು ೨೦೨೨ರಲ್ಲಿ ರಾಷ್ಟ್ರೀಯ ಏಕತೆಯ ದಿನವೆಂದೂ, ೨೦೨೪ರಲ್ಲಿ ಪ್ರಜಾಪಾಲನೆಯ ದಿನವೆಂದೂ ಕರೆದವು. ಹೆಸರುಗಳು ಇಷ್ಟು ಬದಲಾಗುವುದಕ್ಕೆ ಕಾರಣ, ಆ ಒಂದು ದಿನದ ಹಿಂದೆ ಮುಂದೆ ಇರುವ ದಿನಗಳು.

ಹಿಂದಿನ ದಿನಗಳ ವಿಷಯ ಆ ಸೀಮೆಯ ಮಕ್ಕಳಿಗೂ ಗೊತ್ತು. ೧೯೪೮ರ ಮೇ ತಿಂಗಳಿನಲ್ಲಿ ಬಸವಕಲ್ಯಾಣದ ಕಡೆಯ ಗೋರ್ಟಾ ಗ್ರಾಮದ ಮೇಲೆ ರಜಾಕಾರರು ಬಿದ್ದು ಊರ ಜನರನ್ನು ಕೊಂದರು. ಸತ್ತವರು ಇನ್ನೂರಕ್ಕೂ ಮಿಕ್ಕವರೆಂದು ಅಲ್ಲಿಯವರು ಎಣಿಸುತ್ತಾರೆ. ಆ ಊರಿನಲ್ಲಿ ಈಗ ಸ್ಮಾರಕವಿದೆ. ಮುಂದಿನ ದಿನಗಳ ವಿಷಯ ಅಷ್ಟಾಗಿ ಯಾರೂ ಎತ್ತುವುದಿಲ್ಲ. ಸೇನೆ ಗೆದ್ದ ನಂತರದ ವಾರಗಳಲ್ಲಿ ಸೇಡು ತೀರಿಸಿಕೊಳ್ಳುವ ಹೆಸರಿನಲ್ಲಿ ಮುಸಲ್ಮಾನರ ಮೇಲೆ ನಡೆದ ಕೊಲೆ ಸುಲಿಗೆಗಳನ್ನು ವಿಚಾರಿಸಲು ಭಾರತ ಸರ್ಕಾರವೇ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮೊದಲಾದವರನ್ನು ಕಳುಹಿಸಿತು. ಅವರು ೧೯೪೮ರ ಕೊನೆಯಲ್ಲಿ ಸುತ್ತಾಡಿ, ಸಂಸ್ಥಾನದಲ್ಲಿ ೨೭,೦೦೦ದಿಂದ ೪೦,೦೦೦ ಜನ ಪ್ರಾಣ ಕಳೆದುಕೊಂಡರೆಂದು ಅಂದಾಜು ಮಾಡಿದರು. ಅತ್ಯಂತ ನೊಂದ ನಾಲ್ಕು ಜಿಲ್ಲೆಗಳೆಂದು ಅವರು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗ, ನಾಂದೇಡ್ ಮತ್ತು ಬೀದರ. ಆ ವರದಿ ಬಹುಕಾಲ ಪ್ರಕಟವಾಗಲಿಲ್ಲ. ಗೋರ್ಟಾಕ್ಕೂ ಈ ವಾರಗಳಿಗೂ ‘ಈ ದಿನ’ ಅಂಕಣದಲ್ಲಿ ಜಾಗವಿಲ್ಲ; ಒಂದು ಮೇ ತಿಂಗಳಿಗೆ ಸೇರಿತು, ಮತ್ತೊಂದಕ್ಕೆ ಯಾವ ಒಂದು ತಾರೀಖೂ ಇಲ್ಲ.

ಆ ರಾತ್ರಿ ಇದನ್ನೂ ಮುತ್ಯಾನಲ್ಲಿ ಕೇಳಿದೆವು. ಅವ್ವ ಆ ಕಾಲದ ವಿಷಯ ಇನ್ನೇನು ಹೇಳುತ್ತಿದ್ದರು? ಅವರು ಸ್ವಲ್ಪ ಹೊತ್ತು ಮಾಲೆಯ ಮಣಿಗಳನ್ನು ಸರಿಸಿ ಹೇಳಿದರು: “ನಾ ಹುಟ್ಟೂ ಮದಲಿಂದು ಭಾಳ ಹೇಳತಿದ್ದಳು. ಗೋರ್ಟಾದಿಂದ ಓಡಿ ಬಂದೋರ ಸುದ್ದಿ, ಕಾಳ ಹುಗಿದಿಟ್ಟದ್ದು, ಎಲ್ಲಾ. ನಾ ಹುಟ್ಟಿದ ಮ್ಯಾಲಿಂದು ಹೇಳತಿರಲಿಲ್ಲ. ಕೇಳಿದ್ರ ಎದ್ದ ಒಳಗ ಹೋಗತಿದ್ದಳು.”

ಮತ್ತೆ ಕೇಳುವ ಧೈರ್ಯ ನಮಗಾಗಲಿಲ್ಲ. ಓಣಿಯಲ್ಲಿ ಹುಡುಗರು ಮರುದಿನದ ಮೆರವಣಿಗೆಗಾಗಿ ಟ್ರ್ಯಾಕ್ಟರಿಗೆ ಬಾಳೆಯ ಕಂಬ ಕಟ್ಟುತ್ತಿದ್ದರು. ಆ ಸದ್ದಿನಲ್ಲಿ ನಮ್ಮ ಲೆಕ್ಕದ ಚೀಟಿಯನ್ನು ಮುತ್ಯಾನ ಮುಂದೆ ಹಿಡಿದು, ತಾವು ಹುಟ್ಟಿದ್ದು ಹದಿನಾಲ್ಕರಂದು ಎಂಬುದನ್ನು ಮೆಲ್ಲನೆ ಹೇಳಿದೆವು. ಮಿತ್ರರ ಮುಖ ಸಪ್ಪಗಾಯಿತು. ಮುತ್ಯಾ ಮಾತ್ರ ಚೀಟಿಯನ್ನು ಕಣ್ಣಿನ ಹತ್ತಿರ ತಂದು ನೋಡಿ, “ನನಗ ಗೊತ್ತದ್ರಿ. ಸಾಲ್ಯಾಗ ಜೂನ್ ಒಂದ ಬರದಾರ, ಜೆಂಡಾ ಕಟ್ಟೀ ಮ್ಯಾಲ ಹದಿನೇಳ ಅಂತಾರ. ಹಾರ ಹಾಕೋರ್ಗಿ ಬ್ಯಾಡ ಅಂದ್ರ ಮನಸಿಗಿ ಹತ್ತತದ” ಎಂದು ಚೀಟಿಯನ್ನು ಮಡಿಸಿ ರುಮಾಲಿನೊಳಗೆ ಸಿಕ್ಕಿಸಿಕೊಂಡರು.

ಬೆಳಗ್ಗೆ ಧ್ವಜ ಏರಿತು. ಹಾರ ಬಿತ್ತು. ಭಾಷಣ ಮಾಡಿದವರೊಬ್ಬರು ಮುತ್ಯಾನನ್ನು ‘ಸ್ವಾತಂತ್ರ್ಯದೊಡನೆ ಕಣ್ಣು ತೆರೆದ ಹಿರಿಯರು’ ಎಂದು ಕರೆದಾಗ ಅವರು ನಮ್ಮ ಕಡೆ ಒಮ್ಮೆ ನೋಡಿದರು. ಸಂಜೆ ಅನಂತ ಚತುರ್ದಶಿಯ ಮೆರವಣಿಗೆ. ಎಪ್ಪತ್ತಾರು ವರ್ಷಗಳ ಹಿಂದೆ ಹೇಗೋ ಹಾಗೆಯೇ ತಾರೀಖೂ ತಿಥಿಯೂ ಅಂದು ಒಂದೇ ಚೌಕದಲ್ಲಿದ್ದವು. ಶಾಲೆಯ ಧ್ವಜ ಇಳಿಸುವ ಹೊತ್ತಿಗೆ ಗಣಪತಿ ಅದರ ಮುಂದೆಯೇ ಹಾದುಹೋದ.

ಮರುವರ್ಷ ಚಂದ್ರನ ಲೆಕ್ಕ ಹಿಂದಕ್ಕೆ ಸರಿಯಿತು. ೨೦೨೫ರಲ್ಲಿ ಆ ಏಕಾದಶಿ ಸೆಪ್ಟೆಂಬರು ೩ರಂದೇ ಬಂದಿತ್ತು. ಮಿತ್ರರು ಊರಿನಿಂದ ಹಿಂತಿರುಗಿದ ಮೇಲೆ ವರ್ತಮಾನ ತಿಳಿಸಿದರು: ಏಕಾದಶಿಗೆ ಮುತ್ಯಾ ಉಪವಾಸವಿದ್ದರು, ಮರುದಿನ ದ್ವಾದಶಿಯ ಪಾರಣೆಗೆ ಮನೆಯಲ್ಲಿ ಹೋಳಿಗೆ ಮಾಡಿಸಿ, ಎಂದೂ ಇಲ್ಲದ್ದು, ಇದು ನನ್ನ ಹುಟ್ಟಿದ ಹಬ್ಬದ್ದು ಎಂದು ಮೊಮ್ಮಕ್ಕಳಿಗೆ ಬಡಿಸಿದರು. ಹದಿನೇಳರಂದು ಶಾಲೆಗೂ ಹೋಗಿ ಹಾರ ಹಾಕಿಸಿಕೊಂಡು ಬಂದರಂತೆ.